ಬಾತುಕೋಳಿ ಬರೆದವನು

ಊರಿನಲ್ಲಿ ಎಲ್ಲರೂ ಅವನನ್ನು ಚುಕ್ಕಿ ಎಂದೇ ಕರೆಯುತ್ತಿದ್ದರು. ಸತ್ತ ದಿನ ಆಸ್ಪತ್ರೆಯವರು ಹೆಸರು ಕೇಳಿದಾಗ ಜೊತೆಗಿದ್ದ ಗೆಳೆಯನ ಬಾಯಿಗೆ ಮೊದಲು ಬಂದದ್ದೂ ಅದೇ. ನಿಜವಾದ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಚುಕ್ಕಿ ಬೋರ್ಡು ಬರೆಯುವವನು. ಅಂಗಡಿಗಳ ಹೆಸರು, ಶಾಲೆಯ ಗೋಡೆ, ಲಾರಿಯ ಹಿಂಭಾಗ, ಏನು ಕೊಟ್ಟರೂ ಬರೆಯುತ್ತಿದ್ದ. ಆದರೆ ಅವನಿಗೆ ಆ ಹೆಸರು ಬಂದದ್ದು ಪ್ರವಾಸಿ ಮಾಹಿತಿ ಕೇಂದ್ರಗಳ ದೊಡ್ಡ ನಕ್ಷೆಗಳಿಂದ. ಊರಿನ ರಸ್ತೆ, ಕೆರೆ, ಕೋಟೆ, ಬಸ್ ನಿಲ್ದಾಣ ಎಲ್ಲವನ್ನೂ ಬರೆದು, ಕೊನೆಗೆ ಒಂದು ಕೆಂಪು ಚುಕ್ಕಿ ಇಟ್ಟು, ಪಕ್ಕದಲ್ಲಿ ‘ನೀವು ಇಲ್ಲಿದ್ದೀರಿ’ ಎಂದು ಬರೆದರೆ ಕೆಲಸ ಮುಗಿಯಿತು. ಸುತ್ತಲಿನ ಊರುಗಳ ಕೇಂದ್ರಗಳಲ್ಲೆಲ್ಲ ಅವನದೇ ಕೈ.

ಆ ಚುಕ್ಕಿಯ ವಿಷಯದಲ್ಲಿ ಅವನಿಗೆ ಭಾರಿ ಜಂಬ. “ಷೆಡ್ಡಲ್ಲಿ ಕೂತು ನಕ್ಷೆ ಬರೆಯೋನು ಪೇಂಟರೇ ಅಲ್ಲ” ಎನ್ನುತ್ತಿದ್ದ. “ಬೋರ್ಡು ನಿಲ್ಲೋ ಜಾಗದಲ್ಲಿ ಮೊದಲು ನಾನು ಹೋಗಿ ನಿಲ್ಲಬೇಕು. ನನ್ನ ಬಲಗೈ ಕಡೆ ಏನಿದೆಯೋ ಅದೇ ಬೋರ್ಡಿನ ಬಲಗಡೆ ಬರಬೇಕು. ಓದೋಕೆ ಬಾರದವನೂ...”

“...ಕೈ ನೋಡ್ಕೊಂಡು ಹೋಗಿ ಸೇರಬೇಕು” ಎಂದು ತಂಗಿ ಒಳಗಿನಿಂದಲೇ ಮಾತು ಮುಗಿಸುತ್ತಿದ್ದಳು. ಅಷ್ಟು ಸಲ ಕೇಳಿದ್ದಳು.

ತಂಗಿ, ಗಂಡ ತೀರಿಹೋದ ಮೇಲೆ, ಅಣ್ಣನ ಮನೆಗೆ ಬಂದವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು. ಹಿಂದಿನ ಷೆಡ್ಡಿನಲ್ಲಿ ಅಣ್ಣನ ಬಣ್ಣದ ಡಬ್ಬಿಗಳು. ಹೊಲಿಯಲು ಬಂದ ಬಟ್ಟೆಗೆಲ್ಲ ಟರ್ಪೆಂಟೈನ್ ವಾಸನೆ ಎಂದು ಅವಳ ಗಿರಾಕಿಗಳು ಗೊಣಗುತ್ತಿದ್ದರು. ಅವಳು ಚಿಕ್ಕವಳಾಗಿದ್ದಾಗ ಅತ್ತರೆ ಅವನು ಸ್ಲೇಟಿನ ಮೇಲೆ ಬಾತುಕೋಳಿ ಬರೆದು ಸುಮ್ಮನಾಗಿಸುತ್ತಿದ್ದನಂತೆ. ಅದೇ ಅಭ್ಯಾಸದಿಂದ ಪ್ರತಿ ನಕ್ಷೆಯಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಬಾತುಕೋಳಿಯನ್ನು ಸೇರಿಸುತ್ತಿದ್ದ. ನೀರಿಲ್ಲದ ಊರಾದರೆ ಅದು ಬಸ್ ನಿಲ್ದಾಣದ ಛಾವಣಿಯ ಮೇಲೆ ಕೂತಿರುತ್ತಿತ್ತು. ಅದೇ ಅವನ ಸಹಿ. ಇದು ಗೊತ್ತಿದ್ದವಳು ತಂಗಿ ಒಬ್ಬಳೇ, ಆದರೆ ಅವಳು ಒಂದು ಬೋರ್ಡನ್ನೂ ಅದು ನಿಂತ ಜಾಗದಲ್ಲಿ ನೋಡಿರಲಿಲ್ಲ.

ಕೈ ನಡುಗಲು ಶುರುವಾಗಿ ಅವನು ಕುಂಚ ಕೆಳಗಿಟ್ಟ ವರ್ಷ ತಂಗಿ ಹಟ ಹಿಡಿದಳು. “ಊರವರೆಲ್ಲ ನೋಡಿದಾರೆ, ನಾನೊಬ್ಬಳು ನೋಡಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ.” ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ ಗೆಳೆಯನ ಬಳಿ ಒಂದು ಹಳೆಯ ಕಾರಿತ್ತು. ಮೂವರೂ ಹೊರಟರು.

ಮೊದಲನೆಯ ಊರಿನಲ್ಲಿ ಚುಕ್ಕಿ ರಾಜನಂತೆ ಕಾರಿನಿಂದ ಇಳಿದ. ತಂಗಿಯನ್ನು ಬೋರ್ಡಿನ ಎದುರು ನಿಲ್ಲಿಸಿ, “ಬಲಗೈ ಚಾಚು” ಎಂದ. ಚಾಚಿದಳು. ಕೈಯ ನೇರಕ್ಕೆ ದೂರದಲ್ಲಿ ಕೋಟೆಯ ಗೋಡೆ. ಬೋರ್ಡಿನಲ್ಲೂ ಅಲ್ಲೇ ಕೋಟೆ. “ಅಯ್ಯೋ, ಹೌದಲ್ಲೋ ಅಣ್ಣ!” ಎಂದು ಅವಳು ಮಗುವಿನ ಹಾಗೆ ಬಾತುಕೋಳಿ ಹುಡುಕತೊಡಗಿದಳು. ಅದು ಕೋಟೆಯ ಬಾಗಿಲಲ್ಲಿ ಕಾವಲು ನಿಂತಿತ್ತು. ಒಳಗೆ ಕೌಂಟರಿನಲ್ಲಿದ್ದ ಮುದುಕನಿಗೆ “ಇದನ್ನ ಬರೆದಿದ್ದು ನಮ್ಮಣ್ಣ” ಎಂದು ಹೇಳಿಯೇ ಬಂದಳು. ಆತ ಎದ್ದು ನಿಂತು ಚುಕ್ಕಿಯ ಕೈ ಕುಲುಕಿ, ಮೂವರಿಗೂ ಒಂದೊಂದು ಬಣ್ಣದ ಕರಪತ್ರ ಕೊಟ್ಟ.

ಎರಡನೆಯ ಊರಿನಲ್ಲಿ ಅವನ ಬೋರ್ಡಿನ ಜಾಗದಲ್ಲಿ ಅಚ್ಚು ಹಾಕಿದ ಹೊಸ ನಕ್ಷೆ ಇತ್ತು. ಹಳೆಯದು ಹಿತ್ತಲಿನ ನೀರಿನ ತೊಟ್ಟಿಗೆ ಮುಚ್ಚಳವಾಗಿತ್ತು. “ಇರಲಿ ಬಿಡು, ಬಾತುಕೋಳಿ ಕೊನೆಗೂ ನೀರು ಸೇರ್ತು” ಎಂದು ಚುಕ್ಕಿಯೇ ನಕ್ಕ. ಆ ನಗುವಿನಲ್ಲಿ ಕಹಿ ಇರಲಿಲ್ಲ. ಕಾಲ ಬದಲಾದರೆ ಕೈಕೆಲಸದವನ ತಪ್ಪೇನು?

ಮೂರನೆಯ ಊರಿನ ತಿರುವು ಬಂದಾಗ ಮಾತ್ರ ಅವನು, “ಇಲ್ಲಿ ಬೇಡ, ಮುಂದೆ ಹೋಗೋಣ. ಇಲ್ಲೇನಿದೆ ಮಹಾ” ಎಂದ.

“ಕೆರೆ ಇದೆ. ನೀನೇ ಷೆಡ್ಡಲ್ಲಿ ಬರೀತಿದ್ದೆ, ನಾನು ನೋಡಿದೀನಿ. ಎಷ್ಟು ಚೆನ್ನಾಗಿತ್ತು” ಎಂದಳು ತಂಗಿ. ಗೆಳೆಯ ಆಗಲೇ ಕಾರು ತಿರುಗಿಸಿದ್ದ.

ಅವಳು ಷೆಡ್ಡಿನಲ್ಲಿ ನೋಡಿದ್ದೇ ಅವನ ಎದೆಯಲ್ಲಿದ್ದ ಮುಳ್ಳು. ಈ ಒಂದು ಊರಿಗೆ ಅವನು ಮೊದಲು ಹೋಗಿ ನಿಂತಿರಲಿಲ್ಲ. ಮಳೆ ಹಿಡಿದಿತ್ತು, ಎರಡು ಬಸ್ಸು ಬದಲಿಸಬೇಕಿತ್ತು. ಇಷ್ಟು ಬರೆದವನಿಗೆ ಇದೊಂದು ಲೆಕ್ಕವೇ ಎನ್ನಿಸಿತ್ತು. ಕಚೇರಿಯವರು ಕಳಿಸಿದ ಚೀಟಿ ನೋಡಿಕೊಂಡು, ಬೋರ್ಡನ್ನು ಕಾಂಪೌಂಡಿನ ಹೊರಗೆ ರಸ್ತೆಗೆ ಮುಖ ಮಾಡಿ ಹಾಕುತ್ತಾರೆಂದು ತಾನೇ ಊಹಿಸಿಕೊಂಡು, ಕೂತಲ್ಲೇ ಬರೆದು ಲಾರಿಗೆ ಹೇರಿಸಿದ್ದ. ಯಾರಿಗೆ ಗೊತ್ತಾಗುತ್ತೆ?

ಗೇಟಿನೊಳಗೆ ಕಾಲಿಟ್ಟ ಕೂಡಲೇ ಅವನಿಗೆ ಗೊತ್ತಾಯಿತು. ಬೋರ್ಡನ್ನು ಕಾಂಪೌಂಡ್ ಗೋಡೆಯ ಒಳಮೈಗೆ ಹೊಡೆದಿದ್ದರು. ಓದುವವನು ಕಟ್ಟಡಕ್ಕೆ ಬೆನ್ನು ಮಾಡಿ ರಸ್ತೆಯ ಕಡೆಗೆ ನಿಲ್ಲಬೇಕು. ಬೋರ್ಡಿನಲ್ಲಿ ಬಲಗಡೆ ಇದ್ದ ಕೆರೆ ನೆಲದ ಮೇಲೆ ಎಡಗಡೆ ಇತ್ತು. ತಂಗಿ ಇನ್ನೂ ಕೈ ಚಾಚಿರಲಿಲ್ಲ, ಬಾತುಕೋಳಿಯನ್ನೇ ಹುಡುಕುತ್ತಿದ್ದಳು.

ಅಷ್ಟರಲ್ಲಿ ಗೇಟಿನಿಂದ ವಯಸ್ಸಾದ ಗಂಡ ಹೆಂಡತಿ ಒಳಗೆ ಬಂದರು. ಆತನ ಅಂಗಿ ಬೆವರಿಗೆ ಮೈಗಂಟಿತ್ತು. ಆಕೆ ಮೂಗಿಗೆ ಕರವಸ್ತ್ರ ಹಿಡಿದಿದ್ದಳು.

“ಏನಮ್ಮಾ ಇದು? ಕೆರೆ ಅಂತ ಹೋದ್ರೆ ಊರಿನ ಕಸ ಸುರಿಯೋ ಗುಂಡಿ! ಇವಳಿಗೆ ಮೊದಲೇ ಮಂಡಿ ನೋವು” ಎಂದು ಆತ ಕೂಗಾಡಿದ.

ಕೌಂಟರಿನಾಕೆ ಒಳಗಿನಿಂದ ಕುರ್ಚಿ, ನೀರು ಎರಡನ್ನೂ ಹಿಡಿದುಕೊಂಡೇ ಬಂದಳು. ಇದು ಅವಳಿಗೆ ದಿನದ ಕೆಲಸ ಎಂದು ನೋಡಿದರೇ ತಿಳಿಯುತ್ತಿತ್ತು. “ಕೂತ್ಕೊಳಿ ಅಮ್ಮ. ಒಳಗೆ ಬಂದು ನನ್ನ ಕೇಳಿದ್ರೆ ಹೇಳ್ತಿದ್ದೆ. ಬೋರ್ಡು ನೋಡಿದವರೆಲ್ಲ ಹೀಗೇ, ಮೊದಲು ಗುಂಡಿ ದರ್ಶನ, ಆಮೇಲೆ ನನಗೆ ಬೈಗುಳ.”

“ಯಾವನು ಬರೆದಿದ್ದು ಇದನ್ನ?”

“ಯಾವನೋ ಪುಣ್ಯಾತ್ಮ. ಮೂಲೇಲಿ ಬಾತುಕೋಳಿ ಬರೆಯೋಕೆ ಪುರುಸೊತ್ತಿತ್ತು ನೋಡಿ ಅವನಿಗೆ, ಎಡ ಬಲ ನೋಡೋಕೆ ಇರಲಿಲ್ಲ.”

ತಂಗಿಯ ಬೆರಳು ಆ ಹೊತ್ತಿಗೆ ಸರಿಯಾಗಿ ಬಾತುಕೋಳಿಯ ಮೇಲೇ ಇತ್ತು. ಅವಳು ತಿರುಗಿ ಅಣ್ಣನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಮೊದಲನೆಯ ಊರಿನಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದಳೋ, ಬೇರೆ ಏನಾದರೂ ಕೇಳುತ್ತಿದ್ದಳೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಚುಕ್ಕಿ ಅವಳಿಗಿಂತ ಮುಂಚೆ ಬಾಯಿ ಹಾಕಿದ.

“ಯಾರೋ ಕೆಲಸ ಬಾರದವನು” ಎಂದ. “ಇಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು.”

ತಂಗಿ ಬೆರಳು ತೆಗೆದಳು. ಬಿಸಿ ತಾಗಿದವಳಂತೆ ಆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಹೋಗಿ ಕಾರಿನಲ್ಲಿ ಕೂತಳು.

ಎಲ್ಲಾ ಬಣ್ಣ ಮಸಿ ನುಂಗಿತು ಎನ್ನುತ್ತಾರಲ್ಲ, ಹಾಗಾಯಿತು. ಕಾರಿನಲ್ಲಿ ಚುಕ್ಕಿ ಕಿಟಕಿಯ ಕಡೆ ಮುಖ ಮಾಡಿದ್ದ. ತಪ್ಪು ಮಾಡಿದ್ದಕ್ಕಿಂತ ‘ಯಾರೋ’ ಎಂಬ ಆ ಒಂದು ಮಾತು ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಅವಳಿಗಾಗಿ ಬರೆದ ಬಾತುಕೋಳಿಯನ್ನೇ ಅವಳ ಎದುರಿಗೆ ಯಾರದೋ ಎಂದು ಹೇಳಿ ಬಂದಿದ್ದ.

ಗೆಳೆಯ ಗೇರು ಬದಲಿಸುತ್ತ ಸಮಾಧಾನ ಹೇಳಲು ನೋಡಿದ. “ಅಲ್ಲ, ತಪ್ಪು ಗೋಡೆಗೆ ಹೊಡೆದವರದು ಕಣೋ. ಹೊರಗೆ ಹಾಕೋದನ್ನ ಒಳಗೆ ಹಾಕಿದ್ರೆ ನೀನೇನು ಮಾಡ್ತೀಯ?”

ಚುಕ್ಕಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. “ಮತ್ತೆ! ಅದನ್ನೇ ನಾನೂ...” ಎಂದು ಶುರು ಮಾಡಿದ.

“ಹಾಗಿದ್ರೆ ಅಲ್ಲೇ ಹೇಳಬೇಕಿತ್ತು” ಎಂದಳು ತಂಗಿ ಹಿಂದಿನ ಸೀಟಿನಿಂದ. ದನಿ ಏರಿಸಲಿಲ್ಲ. “ಮೊದಲು ಹೋಗಿ ನಿಂತಿದ್ದೆಯಾ ಅಲ್ಲಿ?”

ಚುಕ್ಕಿ ಕಿಟಕಿಯ ಗಾಜು ಏರಿಸತೊಡಗಿದ. ಅದೇ ಉತ್ತರವೆಂದು ಮೂವರಿಗೂ ಗೊತ್ತಾಯಿತು.

ನಾಲ್ಕನೆಯ ಊರಿನ ಕೇಂದ್ರದ ಮುಂದೆ ಕಾರು ನಿಂತಿತು. ಅಲ್ಲಿನ ಬೋರ್ಡು ಅವನು ಬರೆದವುಗಳಲ್ಲೆಲ್ಲ ಚೆಂದದ್ದು, ಕಾರಿನಿಂದಲೇ ಕಾಣುತ್ತಿತ್ತು. “ಬಾ, ಇಲ್ಲಿ ಬಾತುಕೋಳಿ ಹುಡುಕು ನೋಡೋಣ, ಸುಲಭಕ್ಕೆ ಸಿಗಲ್ಲ” ಎಂದ ಚುಕ್ಕಿ.

“ನೀವಿಬ್ಬರೂ ನೋಡ್ಕೊಂಡು ಬನ್ನಿ. ನನಗೆ ಸಾಕಾಗಿದೆ” ಎಂದಳು. ಅವಳಿಗೆ ದಣಿವಾಗಿರಲಿಲ್ಲ.

ಅವನು ಇಳಿದು ಬೋರ್ಡಿನವರೆಗೆ ಹೋದ. ಅಭ್ಯಾಸಬಲದಿಂದ ಬಲಗೈ ಚಾಚಿದ. ಎಲ್ಲವೂ ಸರಿಯಾಗಿತ್ತು. ಸರಿಯಾಗಿದ್ದುದೇ ಅಣಕಿಸಿದಂತಿತ್ತು. ಕೈ ಇಳಿಸಿ, ವಾಪಸು ಬಂದು, ಬಾಗಿಲು ಹಾಕಿಕೊಂಡು, “ಹಿಂದಕ್ಕೆ ತಿರುಗಿಸೋ” ಎಂದ.

“ಮನೆಗಾ?”

“ಕೆರೆ ಊರಿಗೆ.”

ಕೌಂಟರಿನಾಕೆ ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದಳು. ಚುಕ್ಕಿ ಅವಳ ಮುಂದೆ ಹೋಗಿ ನಿಂತ. “ಆ ಪುಣ್ಯಾತ್ಮ ನಾನೇ ಅಮ್ಮ” ಎಂದ. “ಬಂದು ನೋಡದೆ ಬರೆದೆ. ಬೆಳಿಗ್ಗೆ ಸುಳ್ಳು ಹೇಳಿ ಹೋದೆ.”

ಆಕೆ ತೊಟ್ಟಿಕ್ಕುವ ಡಬ್ಬಿ ಹಿಡಿದುಕೊಂಡೇ ನೋಡಿದಳು. ಸಮಾಧಾನದ ಮಾತೇನೂ ಆಡಲಿಲ್ಲ. “ಎಷ್ಟು ಜನರ ಹತ್ತಿರ ಬೈಸಿಕೊಂಡಿದೀನಿ ಗೊತ್ತಾ ನಿಮ್ಮಿಂದ?” ಎಂದಳು. ಅವನು ತಲೆ ತಗ್ಗಿಸಿದ. ಬೋರ್ಡನ್ನು ಬಿಚ್ಚಿ ಗೋಡೆಯ ಹೊರಮೈಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ವಿವರಿಸಿದ. ಮೇಲಿನವರನ್ನು ಕೇಳಬೇಕು, ಅವರು ನಾಳೆ ಸಿಗುತ್ತಾರೆ ಎಂದಳು.

“ಹಾಗಿದ್ರೆ ಇವತ್ತು ನಾನೇ ನಿಲ್ತೀನಿ” ಎಂದ ಚುಕ್ಕಿ.

ಬಾಗಿಲು ಹಾಕುವವರೆಗೂ ಅವನು ಆ ಬಿಸಿಲಿನಲ್ಲಿ ತನ್ನದೇ ಬೋರ್ಡಿನ ಪಕ್ಕ ನಿಂತ. ಬಂದವರಿಗೆಲ್ಲ, “ಇದನ್ನ ನಂಬಬೇಡಿ. ನಾನೇ ಬರೆದಿದ್ದು, ತಪ್ಪಾಗಿದೆ. ಕೆರೆ ಎಡಕ್ಕೆ” ಎನ್ನುತ್ತಿದ್ದ. ಕೆಲವರು ನಕ್ಕರು. ಒಬ್ಬ, “ಬರೆಯೋಕೆ ಮುಂಚೆ ಕಣ್ಣು ತೆರೆಯಬೇಕಿತ್ತು ತಾತ” ಎಂದು ಹೋದ. ಪ್ರತಿ ಸಲವೂ ಹೇಳುವುದು ಮೊದಲ ಸಲದಷ್ಟೇ ಕಷ್ಟವಾಗುತ್ತಿತ್ತು. ತಂಗಿ ಕಾರಿನೊಳಗಿನಿಂದ ನೋಡುತ್ತಲೇ ಇದ್ದಳು, ಇಳಿಯಲಿಲ್ಲ.

ಜನ ಕಡಿಮೆಯಾದ ಮೇಲೆ ಅವನು ಜೇಬಿನಿಂದ ಚಾಕು ತೆಗೆದು ಬಾತುಕೋಳಿಯನ್ನು ಕೆರೆಯಲು ಕೈ ಎತ್ತಿದ. ಯಾರೋ ಮಣಿಕಟ್ಟು ಹಿಡಿದರು.

“ಅದು ಇರಲಿ” ಎಂದಳು ತಂಗಿ. “ಬೈಯೋರಿಗೆ ಗುರುತು ಬೇಕಲ್ಲ.”

ಆಮೇಲೆ ಅವನ ಪಕ್ಕದಲ್ಲೇ ನಿಂತಳು. ಗೇಟಿನಿಂದ ಯಾರೋ ಒಳಗೆ ಬಂದು ಕೆರೆ ಎಲ್ಲಿ ಎಂದಾಗ, ಅಣ್ಣನಿಗಿಂತ ಮೊದಲು ಅವಳೇ ಎಡಗೈ ಚಾಚಿದಳು.

ಬೋರ್ಡು ಈಗ ರಸ್ತೆಗೆ ಮುಖ ಮಾಡಿದೆ. ಚುಕ್ಕಿ ತೀರಿಕೊಂಡ ಮೇಲೆ ಗೆಳೆಯ ಒಬ್ಬನೇ ಹೋಗಿ ಅದರ ಎದುರು ನಿಂತು, ಬಲಗೈ ಚಾಚಿ ನೋಡಿ ಬಂದ. ಕೆರೆ ಅಲ್ಲೇ ಇತ್ತು. ಚುಕ್ಕಿ ಮಾತ್ರ ಆ ದಿನದಿಂದ ‘ಷೆಡ್ಡಲ್ಲಿ ಕೂತು ನಕ್ಷೆ ಬರೆಯೋನು ಪೇಂಟರೇ ಅಲ್ಲ’ ಎಂಬ ತನ್ನ ಮಾತನ್ನು ಮತ್ತೆ ಆಡಲೇ ಇಲ್ಲ. ಕೊನೆಯ ದಿನಗಳಲ್ಲಿ ತಂಗಿ ಹಾಸಿಗೆಯ ಪಕ್ಕ ಕೂತು, “ಬೋರ್ಡು ನಿಲ್ಲೋ ಜಾಗದಲ್ಲಿ ಮೊದಲು...” ಎಂದು ತಾನೇ ಶುರು ಮಾಡುತ್ತಿದ್ದಳು, ಅವನು ಮುಗಿಸಲಿ ಎಂದು. ಅವನು ಗೋಡೆಯ ಕಡೆಗೆ ತಿರುಗಿಕೊಳ್ಳುತ್ತಿದ್ದ.