ಉಪ್ಪು ನೋಡಿದವನು ನಾನು

ಆ ಹಂದಿಮಾಂಸದ ಚೂರನ್ನು ತಿಂದವನು ನಾನು, ಸಿದ್ದಮ್ಮ. ನೀವಲ್ಲ. ನೀವು ಅದನ್ನು ನಾಲಿಗೆಯ ತುದಿಗೂ ಮುಟ್ಟಿಸಿರಲಿಲ್ಲ — ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ.

ಈ 'ನೀವು' ಕೇಳಿ ನಿಮಗೆ ನಗು ಬರಬಹುದು. ಒಂದೇ ಅಡುಗೆಮನೆಯಲ್ಲಿ ಇದ್ದಷ್ಟು ದಿನವೂ ನಿಮ್ಮನ್ನು ಏಕವಚನದಲ್ಲೇ ಕರೆದೆ. ವಯಸ್ಸಿನಲ್ಲಿ ನೀವು ನನಗಿಂತ ಹತ್ತು ವರ್ಷವಾದರೂ ದೊಡ್ಡವರು.

ತೊಂಬತ್ತರ ದಶಕದ ನಡುಭಾಗ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಗೆಸ್ಟ್ ಹೌಸ್. ಅಲ್ಲಿ ನಾನು ಸಸ್ಯಾಹಾರದ ಅಡುಗೆಯವನು. ತಿ. ನರಸೀಪುರದ ದೇವಸ್ಥಾನವೊಂದರಲ್ಲಿ ನೈವೇದ್ಯಕ್ಕೆ ಬೇಯಿಸುವ ಮನೆತನ ನಮ್ಮದು. ನಮ್ಮಲ್ಲಿ ಮಾಡುವವನು ಉಪ್ಪು ನೋಡುವ ಹಾಗಿಲ್ಲ. ದೇವರಿಗಿಂತ ಮುಂಚೆ ಯಾರ ಬಾಯಿಗೂ ಬೀಳಬಾರದು. ಎಷ್ಟೇ ದೊಡ್ಡ ಹಂಡೆಯಾದರೂ ಕೈಯಳತೆಯಲ್ಲೇ ಹಾಕಬೇಕು. ಗೆಸ್ಟ್ ಹೌಸಿನ ಮೇಲ್ವಿಚಾರಕರು ನನ್ನ ಸೋದರಮಾವ ಶಾಮಣ್ಣ. ಕೆಲಸ ಕೊಡಿಸಿದವರೂ ಅವರೇ, ಮಗಳು ವತ್ಸಲೆಯನ್ನು ನನಗೆ ಕೊಡುವುದಾಗಿ ಮಾತಾಡಿದ್ದವರೂ ಅವರೇ. ನೀವು ನಿಮ್ಮೂರು ಹೆಡತಲೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಿರಿ — ಪಾತ್ರೆ ತೊಳೆಯಲು, ಕೋಳಿ ಮಾಂಸ ಕ್ಲೀನು ಮಾಡಿಕೊಡಲು. ಆ ತಿಂಗಳ ಕೊನೆಗೆ ನಿಮ್ಮನ್ನು ಖಾಯಂ ಮಾಡುತ್ತೇವೆ ಎಂದಿದ್ದರು. ಆ ಒಂದು ಮಾತಿಗಾಗಿ ನೀವು ಎರಡು ವರ್ಷ ಕಾದಿದ್ದಿರಿ.

ಆ ವಾರ ನಾನ್‌ವೆಜ್ ಅಡುಗೆಯವನು ರಜೆ ಹಾಕಿ ಊರಿಗೆ ಹೋಗಿದ್ದ. ಅದೇ ವಾರವೇ ಹೊರದೇಶದ ಅತಿಥಿಗಳು ಬರಬೇಕೆ! ಕಾರ್ಖಾನೆಯ ಮ್ಯಾನೇಜರರ ಹೆಂಡತಿ — ಗೋವಾ ಕಡೆಯವರು, ನಮಗೆಲ್ಲ ಬರೀ 'ಮೇಡಂ' — ಊಟಕ್ಕೆ ಮೊದಲು ಕೊಡಲು ಟೆರಿನ್ ಎಂಬುದೊಂದನ್ನು ಮಾಡಿಸಲೇಬೇಕೆಂದು ಹಟ ಹಿಡಿದರು. ಅದಕ್ಕೆ ಬೇಕಾದ ಹ್ಯಾಮ್, ಅಂದರೆ ಉಪ್ಪಿನಲ್ಲಿ ಹದ ಮಾಡಿದ ಹಂದಿಯ ತೊಡೆ, ಬೆಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಬಂತು. ಅದನ್ನು ಬೇಯಿಸಿ ಎಳೆಎಳೆಯಾಗಿ ಬಿಡಿಸಬೇಕು, ಬೆಂದ ರಸವನ್ನು ಬತ್ತಿಸಿ ಮೇಲೆ ಹುಯ್ಯಬೇಕು, ಬ್ರೆಡ್ಡಿನ ಅಚ್ಚಿನಲ್ಲಿ ಅದುಮಿ ಭಾರವಿಟ್ಟು ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಡಬೇಕು. ಮಾರನೆಯ ದಿನ ಅಚ್ಚಿನಿಂದ ಇಡಿಯಾಗಿ ಬಿಡಿಸಿ, ಮೇಜಿನ ಮೇಲೇ ಹೋಳು ಕತ್ತರಿಸಿ ಬಡಿಸುವುದು.

ಮೇಡಂ ಬರೆದ ಚೀಟಿ ನನ್ನ ಕೈಯಲ್ಲಿ, ಮಾಂಸ ನಿಮ್ಮ ಕೈಯಲ್ಲಿ. ನಾನು ಮಡಿ ಕೆಟ್ಟೀತೆಂದು ಎರಡು ಮಾರು ದೂರ ನಿಂತು ಓದುತ್ತಿದ್ದೆ. ರಸ ಗಟ್ಟಿಯಾಗುವುದೋ ಇಲ್ಲವೋ ಎಂದು ಮೇಡಮ್ಮಿಗೇ ಅನುಮಾನವಿತ್ತು.

"ಒಂದ್ ಜೊತೆ ಕಾಲ್ ತರುಸ್ಬುಡಿ ಬಟ್ರೇ. ಕಾಲ್ ಬೆಂದ್ರೆ ರಸ ತಾನಾಗೇ ಗಡ್ಡೆ ಕಟ್ತದೆ," ಅಂದವರು ನೀವು.

ಹಂದಿಕಾಲು ತರಿಸಿದರು, ರಸ ಬೆರಳಿಗೆ ಅಂಟಿತು. ಚೀಟಿಯಲ್ಲಿದ್ದ ಸೊಪ್ಪು ಸಿಗದಿದ್ದಾಗ ಕೊತ್ತಂಬರಿ ಹೆಚ್ಚಿ ಹಾಕಿದವರೂ ನೀವೇ. ಭಾರಕ್ಕೆ ಏನಿಡುವುದು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ಕಪಿಲೆಯ ದಂಡೆಯಿಂದ ಎರಡು ಉರುಟು ಕಲ್ಲು ತಂದು, ತೊಳೆದು, ಬಿಳೀ ಬಟ್ಟೆ ಸುತ್ತಿ, ಅಚ್ಚಿನ ಮೇಲೊಂದು ಹಲಗೆ ಹಾಕಿ ಅದರ ಮೇಲೆ ಇಟ್ಟಿರಿ. "ಒಳ್ಳೆ ಇಟ್ಟಿಗೆ ಕುಯ್ದಂಗಾಯ್ತು," ಎಂದು ನಕ್ಕಿರಿ. ನಾನೂ ನಕ್ಕೆ. ಆ ದಿನ ನಾವಿಬ್ಬರೂ ಖುಷಿಯಾಗಿದ್ದೆವು.

ಉಪ್ಪಿನದೇ ಚಿಂತೆ. ಹ್ಯಾಮಿನಲ್ಲಿ ಮೊದಲೇ ಉಪ್ಪಿತ್ತು. ನೀರು ಬದಲಿಸಿ ಬೇಯಿಸಿದ ಮೇಲೆ ಎಷ್ಟು ಉಳಿಯಿತೋ ತಿಳಿಯದು. ಅಚ್ಚಿಗೆ ತುಂಬುವ ಮುಂಚೆ ಕೇಳಿದಿರಿ:

"ಒಸಿ ಬಾಯ್ಗಾಕ್ಕೊಂಡ್ ನೋಡ್ಲಾ? ತಣ್ಣಗಾದ್ಮೇಲೆ ಸಪ್ಪೆ ಒಡೀತದೆ."

"ಬೇಡ. ದೊಡ್ಡೋರು ತಿನ್ನೋದು. ಎಂಜಲು ಮಾಡಬೇಡ," ಎಂದೆ.

ನೀವು ಎತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಿರಿ. ನಾನು ದೂರದಿಂದಲೇ ಕೈಯಳತೆ ತೋರಿಸಿದೆ, ನೀವು ಅಷ್ಟೇ ಹಾಕಿದಿರಿ.

ಮಾರನೆಯ ಬೆಳಿಗ್ಗೆ ನಾನು ಒಬ್ಬನೇ ಇದ್ದೆ. ಉಪ್ಪು ಹೆಚ್ಚಾಗಿದ್ದರೆ? ಸಪ್ಪೆಯಾಗಿದ್ದರೆ? ಅಳತೆ ಹೇಳಿದವನು ನಾನು, ಹೆಸರು ಕೆಡುವುದೂ ನನ್ನದೇ. ಫ್ರಿಜ್ ತೆರೆದೆ. ಕಲ್ಲೆತ್ತಿ, ಹಲಗೆ ಸರಿಸಿ, ಒಂದು ತುದಿಯಿಂದ ಚೂರು ಕೊಯ್ದೆ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು — ಬಾಯಿಗೆ ಹಾಕಿಕೊಂಡೆ. ಅಡುಗೆಯವನ ಧರ್ಮ, ಉಪ್ಪು ನೋಡಲೆಂದು ತಿಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೊದಲ ಚೂರಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ನಾನು ಇನ್ನೊಂದನ್ನು ಕೊಯ್ದೆ. ಅದು ಮೊದಲನೆಯದಕ್ಕಿಂತ ದಪ್ಪಗಿತ್ತು.

ಬಾಯಿ ಒರೆಸಿಕೊಂಡು ತಿರುಗಿದರೆ ಹಿತ್ತಲ ಬಾಗಿಲಲ್ಲಿ ನೀವು, ಕಂಕುಳಲ್ಲಿ ಪಾತ್ರೆ ಬುಟ್ಟಿ. ಬುಟ್ಟಿ ಇಳಿಸಿ, ಫ್ರಿಜ್ಜಿನ ಪಕ್ಕದ ಗೂಡಿನಲ್ಲಿ ಲೋಟ ಜೋಡಿಸತೊಡಗಿದಿರಿ.

ಮಧ್ಯಾಹ್ನ ಮೇಡಂ ಬಂದು ಅಚ್ಚನ್ನು ಬಿಸಿನೀರಿಗೆ ಅದ್ದಿ ತಟ್ಟೆಗೆ ಬೋರಲು ಹಾಕಿದರು. ನುಣ್ಣಗೆ, ಹೊಳೆಯುತ್ತ ಬಂತು — ಒಂದು ತುದಿ ಬೋಳು.

"ಯಾರು ಟೇಸ್ಟ್ ಮಾಡಿದ್ದು?" ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಸಿದ್ದಮ್ಮ. 'ನಾನು' ಎಂದಿದ್ದರೆ ಬಹುಶಃ ಬೆನ್ನು ತಟ್ಟುತ್ತಿದ್ದರೋ ಏನೋ —

ಆದರೆ ಪಕ್ಕದಲ್ಲಿ ಮಾವ ನಿಂತಿದ್ದರು.

"ಇನ್ಯಾರು ಮೇಡಂ, ಅದನ್ನ ತಿನ್ನೋರು ಈ ಅಡುಗೆಮನೇಲಿ ಒಬ್ಬರೇ ತಾನೇ ಇರೋದು?" ಎಂದರು ಮಾವ. ಎಲ್ಲರೂ ನಿಮ್ಮ ಕಡೆ ತಿರುಗಿದರು.

"ನಾನ್ ಮುಟ್ಟಿಲ್ಲ ಕಣ್ರವ್ವಾ," ಅಂದಿರಿ. ಅಂದು ನನ್ನನ್ನು ನೋಡಿದಿರಿ. ಒಂದೇ ಒಂದು ಸಲ.

"ಏನೋ, ನೀನು ನೋಡಿದ್ಯೇನೋ?" ಮಾವ ನನ್ನನ್ನು ಕೇಳಿದರು.

"ಬೆಳಿಗ್ಗೆ ಫ್ರಿಜ್ ಹತ್ತಿರ ಇದ್ದಳು, ಮಾವ."

ಇಷ್ಟೇ ನಾನು ಆಡಿದ್ದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ — ಅದಕ್ಕೇ ಅಷ್ಟು ಸಲೀಸಾಗಿ ಬಂತು. ನನ್ನ ಜನಿವಾರ ನೋಡಿದವರು ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ನೀವು ಕಂಡದ್ದನ್ನು ಹೇಳಬಹುದಿತ್ತು. ಹೇಳಿದ್ದರೆ ಯಾರು ನಂಬುತ್ತಿದ್ದರು ಎಂದು ಸುಮ್ಮನಾದಿರೋ, ಅಥವಾ ನನ್ನ ಮದುವೆಯ ಮಾತು ನಡೆದಿದೆ ಎಂದು — ಇಲ್ಲ, ನಿಮ್ಮ ಮೌನಕ್ಕೆ ನಾನು ಅರ್ಥ ಹಚ್ಚಬಾರದು. "ಕದ್ದು ತಿನ್ನೋ ಕೈ ಇಲ್ಲಿ ಬೇಡ, ನಾಳೆಯಿಂದ ಬರಬೇಡ," ಎಂದರು ಮಾವ. ನೀವು ಅರ್ಧ ತೊಳೆದಿದ್ದ ಬಾಣಲೆಯನ್ನು ಪೂರ್ತಿ ತೊಳೆದಿಟ್ಟು ಹೊರಟಿರಿ.

ಆ ಸಂಜೆ ಅತಿಥಿಗಳು ಅದನ್ನು ಮೆಚ್ಚಿ ಮೆಚ್ಚಿ ತಿಂದರಂತೆ. ಮಾಡಿದ್ದು ಯಾರು ಎಂದು ಕೇಳಿದ್ದಕ್ಕೆ ನನ್ನನ್ನು ಕರೆಸಿದರು. ಹೋಗಿ ಕೈಮುಗಿದು ನಿಂತೆ.

ಆಮೇಲೆ ಬೇರೆ ಕಾರ್ಖಾನೆಯ ಕ್ಯಾಂಟೀನುಗಳಲ್ಲೂ ನಿಮ್ಮನ್ನು ಸೇರಿಸಲಿಲ್ಲ, ಹದಿನಾರು ಗ್ರಾಮದ ಕಡೆ ಕಳೆ ಕೀಳಲು ಹೋಗುತ್ತಿದ್ದೀರಿ ಎಂದು ಕೇಳಿದೆ. ಕೇಳಿ ಸುಮ್ಮನಿದ್ದೆ. ನನ್ನ ಮದುವೆ ಆಯಿತು.

ಹೋದ ತಿಂಗಳು ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ. "ಈಗ ಊರ ಇಸ್ಕೂಲಲ್ಲಿ ಬಿಸಿಯೂಟಕ್ಕೆ ಅಡ್ಗೆ ಮಾಡ್ತಿವ್ನಿ ಬಟ್ರೇ. ಮಕ್ಳು ಚೆನ್ನಾಗ್ ಉಣ್ತವೆ," ಅಂದಿರಿ. ನನ್ನ ಮನೆ ಮಕ್ಕಳ ಯೋಗಕ್ಷೇಮ ಕೇಳಿದಿರಿ. ನಿಮ್ಮ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಿರಿ.

"ಒಂದ್ ಮಾತ್ ಕೇಳ್ಲಾ? ಅವತ್ತು ಉಪ್ಪು ಸರಿಗಿತ್ತಾ?"

ಕುಟುಕು ಇರಲಿಲ್ಲ ಅದರಲ್ಲಿ. ತಾನು ಮಾಡಿದ್ದು ಹೇಗಾಗಿತ್ತು ಎಂದು ತಿಳಿಯುವ ಆಸೆ, ಅಷ್ಟೇ. ಇಷ್ಟು ವರ್ಷ ನಿಮಗೆ ಅದೂ ಗೊತ್ತಿರಲಿಲ್ಲ. ನಾನೋ — "ಯಾವ ಉಪ್ಪು, ಸಿದ್ದಮ್ಮ?" ಎಂದೆ.

"ಓಗ್ಲಿ ಬುಡಿ," ಅಂದು ಹತ್ತಿದಿರಿ.

ಅಂದಿನ ಭಯಕ್ಕೆ ಮಾವ ಇದ್ದರು. ಈಗ ಮಾವ ತೀರಿಕೊಂಡು ಎಷ್ಟೋ ವರ್ಷ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದವರು ಯಾರೂ ಇರಲಿಲ್ಲ. ನಾಚಿಕೆಯಾಗುತ್ತದೆ.

ಮೊನ್ನೆ ವತ್ಸಲೆಗೆ ಎಲ್ಲವನ್ನೂ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನಮ್ಮ ಮದುವೆಗೆ ಎಲ್ಲರಿಗಿಂತ ದೊಡ್ಡ ಮುಯ್ಯಿ ಆಯಮ್ಮಂದೇ ಆಯ್ತಲ್ಲ," ಎಂದಳು. ಆಮೇಲೆ, "ನನಗೆ ಹೇಳಿದ್ರೆ ಏನು ಬಂತು? ಹೆಡತಲೆಗೆ ಹೋಗಿ," ಎಂದಳು.

ನಾಳೆ ಬರುತ್ತೇನೆ. ಮನೆಗಲ್ಲ, ಶಾಲೆಗೆ. ನಿಮ್ಮನ್ನು ಕಳ್ಳಿ ಎಂದದ್ದು ನಾಲ್ಕು ಜನರ ಮುಂದೆ. ಆದ್ದರಿಂದ ಈ ಕಾಗದವನ್ನೂ ನಿಮ್ಮ ಜೊತೆ ಅಡುಗೆ ಮಾಡುವವರ ಮುಂದೆಯೇ ಓದುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಕೊಡಲು ಬರುತ್ತಿದ್ದೇನೆ.

ಉಪ್ಪು ಸರಿಯಾಗಿತ್ತು, ಸಿದ್ದಮ್ಮ. ತುಂಬ ಚೆನ್ನಾಗಿತ್ತು. ಅದಕ್ಕೇ ಇನ್ನೊಂದು ಚೂರು ತಿಂದೆ.