ಸಗಣಿ ಮೆತ್ತಿದ ಇಂಗ್ಲಿಷ್ ಮನೆ

ಪ್ರಾಸ್ಪರ್ ಎಂಬ ಊರಿನಲ್ಲಿ ನನ್ನ ಮಗಳ ಮನೆ ಏಳುತ್ತಿದೆ. ಕಳೆದ ಶನಿವಾರ ನಾವಿರುವ ಹ್ಯೂಸ್ಟನ್ನಿನಿಂದ ನಾನೂ ನಮ್ಮವರೂ ಹೋಗಿ ನೋಡಿದೆವು. ಒಳಗೋಡೆಗಳಿಗೆ ಇನ್ನೂ ಜಿಪ್ಸಮ್ ಶೀಟು ಹೊಡೆದಿರಲಿಲ್ಲ; ಬರೀ ಮರದ ಕಂಬಗಳು, ಹೊಸ ಪೈನ್ ಮರದ ಘಮಲು. ಮುಂಭಾಗಕ್ಕೆ ಮಾತ್ರ ಆಗಲೇ ಶೃಂಗಾರವಾಗಿತ್ತು: ಬಿಳಿ ಗೋಡೆ, ಅದರ ಮೇಲೆ ಅಡ್ಡಡ್ಡ, ಉದ್ದುದ್ದ ಕಪ್ಪು ಪಟ್ಟಿಗಳು.

"ಅಮ್ಮಾ, ಟ್ಯೂಡರ್ ಸ್ಟೈಲ್! ಇಂಗ್ಲೆಂಡಲ್ಲಿ ನಾವಿದ್ವಲ್ಲ, ಜಸ್ಟ್ ಲೈಕ್ ದಟ್ ಹೌಸ್!" ಅಂದಳು ಸಿಂಧು.

ನಾನು ಬೆರಳು ಮಡಚಿ ಪಟ್ಟಿಯೊಂದನ್ನು ತಟ್ಟಿದೆ. ಟೊಳ್ಳು. "ಮರ ಅಲ್ಲ ಇದು, ಮರದ ಮೇಕಪ್ಪು" ಅಂದುಬಿಟ್ಟೆ. ಹುಡುಗಿಯ ಮುಖ ಸಪ್ಪಗಾಯಿತು. ಆಗಲೇಬೇಕಲ್ಲ? ಕೆಳಗಿನ ಕೋಣೆಯನ್ನು ಅವಳು ನಮ್ಮಿಬ್ಬರಿಗೆಂದೇ ಮಾಡಿಸುತ್ತಿದ್ದಾಳೆ. ಬನ್ನಿ, ಶಿಫ್ಟ್ ಆಗಿ ಎಂದು ಅವಳ ಒಂದೇ ಹಟ. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಗಳ ಎಳೆ ಮೆಂತ್ಯಸೊಪ್ಪನ್ನು ಬಿಟ್ಟು ಈ ಬಯಲಿಗೆ ಯಾಕೆ ಬರಲಿ ಎಂದು ನನ್ನ ಹಟ.

ಆ ಇಂಗ್ಲೆಂಡಿನ ಮನೆಯನ್ನು ನೀವೊಮ್ಮೆ ನೋಡಬೇಕಿತ್ತು ಕಣ್ರೀ. ನಮ್ಮವರ ಆಫೀಸಿನ ಕೆಲಸಕ್ಕೆಂದು ಹೋದಾಗ ಹಳ್ಳಿಯೊಂದರಲ್ಲಿ ರೈತರ ಹಳೇ ಮನೆಯ ಅರ್ಧಭಾಗ ಬಾಡಿಗೆಗೆ ಸಿಕ್ಕಿತ್ತು. ನೂರಾರು ವರ್ಷದ ಓಕ್ ತೊಲೆಗಳು. ಹಸಿ ಮರವನ್ನೇ ಕಡಿದು, ಮರದ ಗೂಟ ಬಡಿದು ಜೋಡಿಸಿದ್ದರಂತೆ. ಒಣಗುತ್ತ ಒಣಗುತ್ತ ಮರ ತನಗೆ ಬೇಕಾದ ಹಾಗೆ ಸೊಟ್ಟಗಾಗಿತ್ತು, ಕೀಲುಗಳು ಮಾತ್ರ ಇನ್ನೂ ಬಿಗಿಯಾಗಿದ್ದವು. ಒಂದು ಬಾಗಿಲೂ ಚೌಕವಿರಲಿಲ್ಲ. ಕೈಜಾರಿದ ನಿಂಬೆಹಣ್ಣು ತಾನಾಗಿ ಉರುಳಿ ಒಲೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ನಮ್ಮವರ ಹಣೆಯಿಂದ ತಪ್ಪಿಸಿಕೊಂಡ ತೊಲೆ ಆ ಮನೆಯಲ್ಲಿರಲಿಲ್ಲ. ನಾನಂತೂ ಎರಡು ವಾರ ವಾಸ ಮಾಡಿದ್ದಕ್ಕೇ ಪಂಡಿತೆಯಾಗಿ, ಬಂದವರಿಗೆಲ್ಲ ವಾಸ್ತುಶಿಲ್ಪದ ಪಾಠ ಹೇಳುತ್ತಿದ್ದೆ.

ಪುಟ್ಟ ಸಿಂಧುವನ್ನು ನೋಡಿಕೊಳ್ಳಲು ಗದಗಿನಿಂದ ನಮ್ಮ ಅತ್ತೆ ಬಂದರು. ಹೊಸ್ತಿಲಲ್ಲೇ ನಿಂತು, "ಯವ್ವಾ, ಇದೇನ್ ಮನೀ? ಕುಡದವರ ಗತೆ ವಾಲೇತಿ! ನಾ ಇಲ್ಲಿ ಇರಂಗಿಲ್ಲ, ಟಿಕೀಟು ತಗಸ್ರಿ" ಅಂದರು. ದಿನಾ ಬೆಳಗಾದರೆ ಅದೇ ಟಿಕೀಟಿನ ಸುಪ್ರಭಾತ.

ಒಂದು ದಿನ ಅಡಿಗೆಮನೆಯ ಕಪಾಟು ಸರಿಸಿದಾಗ ಗೋಡೆಯ ಹೆಕ್ಕಳೆಯೊಂದು ಉದುರಿ ತೂತು ಬಿತ್ತು. ಒಳಗೆ ಹೆಣೆದ ಕಡ್ಡಿ, ಮಣ್ಣು, ಹುಲ್ಲು. ಉಳಿದರ್ಧದಲ್ಲಿದ್ದ ಮನೆಯೊಡತಿ ಎಡ್ನಾ ಬಂದು ನೋಡಿ, ಇದರಲ್ಲಿ ದನದ ಸಗಣಿಯೂ ಇದೆ, ಯಾರೂ ಮುಟ್ಟಬೇಡಿ, ಕಸಬುದಾರರು ಬರುತ್ತಾರೆ ಅಂದಳು. ನಾನು ಸಗಣಿಯ ತನಕ ಅನುವಾದಿಸಿದ್ದೆ, ಅಷ್ಟರಲ್ಲಿ ಅತ್ತೆ "ಹೌದನ?" ಎಂದು ಕಣ್ಣರಳಿಸಿದರು; ಮುಟ್ಟಬೇಡಿ ಎಂಬುದು ಹೇಳದೆಯೇ ಉಳಿಯಿತು. ಇಂಗ್ಲೆಂಡಿನ ಬಗ್ಗೆ ಅವರಿಗೆ ಮೊದಲ ಸಲ ಗೌರವ ಬಂದದ್ದು ಆಗಲೇ.

ಮರುದಿನ ನಾನು ಸಂತೆಯಿಂದ ಬರುವಷ್ಟರಲ್ಲಿ ತೂತು ಮಾಯ! ಅತ್ತೆ ಪಕ್ಕದ ಹೊಲದಿಂದ ಸಗಣಿ ತಂದು, ಹಿತ್ತಲ ಜೇಡಿಮಣ್ಣಿಗೆ ಹುಲ್ಲು ಸೇರಿಸಿ ತುಳಿದು, ಗೋಡೆಗೆ ಮೆತ್ತಿ, ಅಂಗೈಯಲ್ಲಿ ನಯವಾಗಿ ಸಾರಿಸಿದ್ದರು. ಸರ್ಕಾರ ಕಾಪಾಡುವ ಮನೆ ಅದು; ಅಪ್ಪಣೆಯಿಲ್ಲದೆ ಕೈಹಚ್ಚುವಂತಿಲ್ಲ. ಇನ್ನು ಗಂಟುಮೂಟೆ ಕಟ್ಟುವುದೇ ಅಂದುಕೊಂಡೆ.

ಎಡ್ನಾ ಬಂದಳು, ಕೆಂಪಗಾದಳು. "ಸಿಮೆಂಟಾ?" ಎಂದಳು. ಹಿಂದೆ ಯಾರೋ ಸಿಮೆಂಟು ಮೆತ್ತಿ, ನೀರು ಒಳಗೇ ನಿಂತು, ಒಂದು ಕಂಬವೇ ಕೊಳೆತಿತ್ತಂತೆ. ಹೆಬ್ಬೆರಳಲ್ಲಿ ಒತ್ತಿದಳು, ಮೂಸಿದಳು, ಸಿಮೆಂಟಲ್ಲವೆಂದು ಖಾತ್ರಿಯಾಗಿ ಉಸಿರು ಬಿಟ್ಟಳು. "ಇರಲಿ. ಆದರೆ ಕೇಳದೆ ಮಾಡಿದ್ದು ತಪ್ಪು" ಅಂದಳು. ಅಳುಕುತ್ತ ಅನುವಾದಿಸಿದೆ.

"ಕೇಳೂದೇನೈತಿ? ಇರೂ ಮನಿ. ತೂತು ಬಿದ್ರ ಮುಚ್ಚಬೇಕು" ಅಂದರು ಅತ್ತೆ, ಕೈ ತೊಳೆಯುತ್ತ.

ಟಿಕೀಟಿನ ಮಾತು ಅಂದಿಗೆ ಮುಗಿಯಿತು. ದೂರುಗಳು ಮಾತ್ರ ಹೆಚ್ಚಾದವು: ಕಿಟಕಿ ಸಣ್ಣದು, ಬಚ್ಚಲು ತಣ್ಣಗೆ. ಬಿಟ್ಟುಹೋಗುವ ಮನೆಯ ಬಚ್ಚಲನ್ನು ಯಾರು ಬೈಯುತ್ತಾರೆ ಹೇಳಿ?

ಪ್ರಾಸ್ಪರಿನ ಆ ಕೆಳಗಿನ ಕೋಣೆಯಲ್ಲಿ ಸಿಂಧು ಮೆಲ್ಲಗೆ, "ಡೂ ಯೂ ಹೇಟ್ ಇಟ್, ಅಮ್ಮಾ?" ಅಂದಳು. ಹೊರಗಿನ ಪಟ್ಟಿ ಸುಳ್ಳಾದರೇನು, ಒಳಗೆ ನಿಂತದ್ದು ಮರವೇ. ಇಂಗ್ಲೆಂಡಿನಲ್ಲಿ ಕಂಬ ಕಾಣುತ್ತಿತ್ತು, ಇಲ್ಲಿ ಶೀಟಿನ ಹಿಂದೆ ಅಡಗುತ್ತದೆ, ಅಷ್ಟೇ. ಎರಡು ಕಂಬಗಳ ನಡುವಿನ ಖಾಲಿ ಜಾಗದಲ್ಲಿ ಕೈಯಾಡಿಸಿದೆ.

"ಶೀಟು ಹೊಡಿಯೂಕಿಂತ ಮೊದಲ ಇಲ್ಲೊಂದು ದಪ್ಪ ಹಲಿಗಿ ಅಡ್ಡ ಹೊಡಸು" ಅಂದೆ, ಅತ್ತೆಯ ಧಾಟಿಯಲ್ಲೇ.

"ಯಾಕಮ್ಮಾ?"

"ನನ್ನ ದೇವರ ಮಂಟಪ ಭಾಳ ಭಾರ ಐತಿ. ಬರೀ ಶೀಟಿನ ಮ್ಯಾಲೆ ನಿಲ್ಲಂಗಿಲ್ಲ."