ಹೊಳೆ ನೀರು, ಮಳೆ ನೀರು

ಆ ಕಣಿವೆಯ ಊರಿನಲ್ಲಿ ಅವಳು ದೂರದಿಂದ ಬರುವುದು ಕಂಡರೆ ಸಾಕು, ಜನ ಮನೆಯಲ್ಲಿದ್ದೂ ಇಲ್ಲದವರಾಗಿಬಿಡುತ್ತಿದ್ದರು. ಗಂಡಸರಿಗೆ ಇದ್ದಕ್ಕಿದ್ದಂತೆ ಹಿತ್ತಿಲಿನ ಕೆಲಸ ನೆನಪಾಗುತ್ತಿತ್ತು. ಹೆಂಗಸರು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಓಡುತ್ತಿದ್ದರು. ಹೆಸರು ಹಿಡಿದು ಅವಳನ್ನು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ವಿಮೆ ಅಕ್ಕ.

"ಬಂದ್ಲಪ್ಪ, ಇವತ್ತು ಯಾರ ಮನೆ ಮುಳುಗಿಸ್ತಾಳೋ" ಎಂದು ಸೇತುವೆ ಪಕ್ಕದ ರೇಡಿಯೋ ರಿಪೇರಿಯವನು ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. "ಮುಳುಗೋಕೆ ಮುಂಚೆ ಬಂದ್ರೆ ಏಜೆಂಟು, ಮುಳುಗಿದ್ಮೇಲೆ ಬಂದ್ರೆ ಬರೀ ನೆಂಟು. ಈಗ್ಲೇ ಮಾತಾಡ್ಬಿಡೋಣ" ಎಂದು ಅಂಗಡಿಯ ಕಟ್ಟೆಯ ಮೇಲೆ ಕೂತೇಬಿಡುತ್ತಿದ್ದಳು. ಅವನು ಮನೆ, ಅಂಗಡಿಗೆಂದು ಇದ್ದ ಸಾದಾ ಪಾಲಿಸಿ ಮಾಡಿಸಿದ್ದ. ಬೆಂಕಿ, ಕಳ್ಳತನ, ಗಾಳಿಮಳೆಗೆ ಸೂರು ಹಾರಿ ಒಳಗೆ ಸುರಿದ ನೀರು, ಇಷ್ಟಕ್ಕೆ ಅದು ಆಗುತ್ತಿತ್ತು. ಹೊಳೆ ಉಕ್ಕಿ ಒಳಗೆ ನುಗ್ಗಿದರೆ ಆಗುತ್ತಿರಲಿಲ್ಲ. ಅದಕ್ಕೆ ನೆರೆ ವಿಮೆ ಎಂದು ಬೇರೆಯೇ ಮಾಡಿಸಬೇಕು. ನೀರು ನೀರೇ ಅಲ್ವಾ ಅಕ್ಕ, ಅದಕ್ಕೂ ಜಾತಿ ಇದೆಯಾ ಎಂದು ಅವನು ನಗುತ್ತಿದ್ದ. ಊರೇ ನಗುತ್ತಿತ್ತು.

ಅವಳಿಗೆ ನಗು ಬರದ ಕಾರಣವೊಂದಿತ್ತು. ಚಿಕ್ಕವಳಿದ್ದಾಗ ಅವಳ ಅಪ್ಪನಿಗೆ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಮರ ಕೊಯ್ಯುವ ಮಿಲ್ಲಿತ್ತು. ದಾಟಲು ಚಪ್ಪಲಿ ಕೂಡ ಬಿಚ್ಚಬೇಕಿಲ್ಲದಷ್ಟು ಸಣ್ಣ ಹಳ್ಳವೊಂದು ಒಂದು ಮಧ್ಯಾಹ್ನ ಬಂಡೆ ಉರುಳಿಸಿಕೊಂಡು ಬಂದು ಮಿಲ್ಲನ್ನು ಗುಡಿಸಿ ಹಾಕಿತು. ಅಪ್ಪ ಆಮೇಲೆ ಬೇರೆಯವರ ಮಿಲ್ಲಿನಲ್ಲಿ ಕೂಲಿಗೆ ನಿಂತ. ಕೈಗೆ ಸಿಕ್ಕ ಮರವನ್ನೆಲ್ಲ ತಟ್ಟಿ ತಟ್ಟಿ ನೋಡುತ್ತ, ತನ್ನದು ಹೀಗಿತ್ತು, ತನ್ನದು ಹಾಗಿತ್ತು ಎಂದು ಹೇಳಿಕೊಳ್ಳುತ್ತ ಮುದುಕನಾದ. ಮದುವೆಯಾಗಿ ಬಂದ ಮೇಲೆ ಅವಳು ಈ ಕೆಲಸ ಹಿಡಿದಾಗ ಬಸ್ ಡ್ರೈವರ್ ಗಂಡ, "ಹೆದರಿಸೋ ಕೆಲ್ಸಕ್ಕೆ ಸಂಬಳಾನೂ ಕೊಡ್ತಾರಾ?" ಎಂದು ಕೇಳಿದ್ದ. ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಕಣಿವೆಯುದ್ದಕ್ಕೂ ತಿರುಗಿದಳು.

ತಿರುಗಿ ಸುಸ್ತಾದಾಗ ಹೋಗಿ ಕೂರುತ್ತಿದ್ದ ಜಾಗ ಬೇಕರಿ. ಬೇಕರಿಯವಳು ಅವಳ ಓರಗೆಯವಳು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಭಟ್ಟಿ ನಡೆಸುತ್ತಿದ್ದವಳು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಜಗತ್ತಿನ ಪಂಚಾಯಿತಿ ಮಾಡುತ್ತಿದ್ದಳು. ಇಬ್ಬರ ನಡುವೆ ಏನೇ, ಹೋಗೇ, ಬಾರೇ ಅಲ್ಲದೆ ಬೇರೆ ಮಾತಿರಲಿಲ್ಲ. ಚಳಿಗಾಲದಲ್ಲಿ ಭಟ್ಟಿಗೆ ಬೆನ್ನು ಕೊಟ್ಟು ಕೂತು ಒಂದೇ ಬನ್ನನ್ನು ಮುರಿದು ತಿನ್ನುತ್ತಿದ್ದರು. ಬೇಕರಿಯವಳಿಗೆ ಮಕ್ಕಳಿರಲಿಲ್ಲ. ವಿಮೆ ಅಕ್ಕನಿಗೆ ಆಗಿದ್ದ ಒಂದು ಮಗು ಉಳಿದಿರಲಿಲ್ಲ. ಆ ಮಗುವಿನ ಮಾತು ಅವಳು ಆಡಿದ್ದರೆ ಅದು ಆ ಭಟ್ಟಿಯ ಮುಂದೆ ಮಾತ್ರ.

"ಸಾದಾ ಪಾಲಿಸಿ ಜೊತೆಗೆ ನೆರೆದೂ ಒಂದು ಮಾಡಿಸ್ಕೊಳ್ಳೇ" ಎಂದು ಅವಳು ಪ್ರತಿ ವರ್ಷ ಹೇಳುವಳು.

"ಹೊಳೆ ಎಲ್ಲಿ, ನಾನೆಲ್ಲಿ? ಅದು ಇಷ್ಟು ಮೆಟ್ಟಿಲು ಹತ್ತಿ ಬಂದ್ರೆ ಪಾಪ, ಸುಸ್ತಾಗಿರುತ್ತೆ, ಒಂದು ಬನ್ ತಿನ್ನಿಸಿ ಕಳಿಸ್ತೀನಿ ಬಿಡೇ."

ನೆರೆ ಬಂದ ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು. ಮೊದಲ ದಿನ ಎದ್ದ ಗಾಳಿಗೆ ಬೇಕರಿಯ ಹಿಂಬದಿಯ ತಗಡುಗಳು ಹಾರಿಹೋಗಿ ಹಿಂದಿನ ಕೋಣೆಯಲ್ಲಿದ್ದ ಕೆಲವು ಮೂಟೆ ಹಿಟ್ಟು ನೆನೆದವು. ಬೇಕರಿಯವಳು ಬಕೆಟ್ಟುಗಳನ್ನಿಟ್ಟು, ಬಡಗಿಗೆ ಹೇಳಿ ಕಳಿಸಿ, ಭಟ್ಟಿ ಉರಿಸಿ ಕೆಲಸಕ್ಕೆ ನಿಂತಳು. ಮರುದಿನ ಮಧ್ಯಾಹ್ನ ಊರಿನಲ್ಲಿ ಬರೀ ತುಂತುರು. ಮೇಲೆ ಬೆಟ್ಟದಲ್ಲಿ ಮಾತ್ರ ಮಣ್ಣು ಕುಸಿದು ಹೊಳೆಗೆ ಅಡ್ಡ ಬಿದ್ದು, ಹಿಂದೆ ನಿಂತ ನೀರೆಲ್ಲ ಒಮ್ಮೆಲೇ ಕಟ್ಟೆಯೊಡೆದು ಬಂತು.

ವಿಮೆ ಅಕ್ಕ ಆಗ ಮೇಲಿನ ಬೀದಿಯಲ್ಲಿದ್ದಳು. ಮೊದಲು ಕೇಳಿದ್ದು ಸದ್ದು, ಲಾರಿಯಿಂದ ಜಲ್ಲಿ ಸುರಿದಂತೆ, ಸುರಿದು ಮುಗಿಯದಂತೆ. ಶಾಲೆಯ ಬಯಲಿನ ಅಂಚಿಗೆ ಓಡಿ ಬಂದು ನೋಡಿದರೆ ಕೆಳಗಿನ ಬೀದಿಯೇ ಇಲ್ಲ. ಕಂದು ನೀರಿನಲ್ಲಿ ಮರದ ದಿಮ್ಮಿಗಳ ನಡುವೆ ಬ್ರೆಡ್ಡಿನ ತಗಡಚ್ಚುಗಳು ಸಾಲಾಗಿ ತೇಲಿ ಹೋಗುತ್ತಿದ್ದವು. ಅದನ್ನು ಕಂಡು ಅವಳು ಬೇಕರಿಯವಳನ್ನು ಕೂಗಿದಳು. ಬೇಕರಿಯವಳು ಹಿಂಬಾಗಿಲಿನಿಂದ ಗುಡ್ಡ ಹತ್ತಿ, ಏಪ್ರನ್ ಕಟ್ಟಿಕೊಂಡೇ ಏದುಸಿರು ಬಿಡುತ್ತ ಬಂದು ಅವಳ ಪಕ್ಕ ಕುಸಿದು ಕೂತ ಮೇಲೇ ವಿಮೆ ಅಕ್ಕನಿಗೆ ಅಳು ಬಂದಿದ್ದು.

ಜೀವ ಯಾರದ್ದೂ ಹೋಗಲಿಲ್ಲ, ಅದೊಂದು ಪುಣ್ಯ ಎಂದು ಜನ ಹೇಳಿಕೊಂಡರು. ಹೇಳಿಕೊಂಡು, ಸೊಂಟದವರೆಗೆ ಕೆಸರು ತುಂಬಿದ ಮನೆಗಳ ಮುಂದೆ ನಿಂತರು.

ಕೆಲವು ದಿನ ಬಿಟ್ಟು ವಿಮೆ ಕಂಪನಿಯಿಂದ ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದ. ಮೆತ್ತನೆ ಮಾತಿನ, ನೆಗಡಿ ಹಿಡಿದ ಮನುಷ್ಯ. ಅವನಿಗೆ ಮನೆ ತೋರಿಸುತ್ತ ಹೋಗುವುದು ವಿಮೆ ಅಕ್ಕನ ಪಾಲಿಗೆ ಬಂತು. ರೇಡಿಯೋ ರಿಪೇರಿಯವನು ಅವಳನ್ನು ಗೋಡೆಯ ಮರೆಗೆ ಕರೆದ.

"ಅಕ್ಕ, ಮಳೆ ನೀರು ಅಂತ ಒಂದು ಮಾತು ಹೇಳಿಬಿಡಿ. ಇನ್ನೆಂದೂ ನಿಮ್ಮನ್ನ ಆಡಿಕೊಳ್ಳಲ್ಲ."

"ನಿನ್ನ ಸೂರು ನೆಟ್ಟಗಿದೆಯಲ್ಲೋ. ಹೇಗಪ್ಪ ಹೇಳ್ಲಿ?"

ಅವನು ಇನ್ನೊಮ್ಮೆ ಕೇಳಲಿಲ್ಲ. ಸೈಕಲ್ ಅಂಗಡಿಯವನಿಗೂ, ಮೂಲೆಮನೆಯ ಅಜ್ಜಿಗೂ ಅವಳು ಇದನ್ನೇ ಹೇಳಬೇಕಾಯಿತು. ಕೊನೆಗೆ ಸರ್ವೇಯರನ ಜೊತೆ ಬೇಕರಿಗೆ ಬಂದಳು.

ಬೇಕರಿಯವಳು ಅಷ್ಟರಲ್ಲಿ ಗೋಡೆಗಳನ್ನೆಲ್ಲ ಉಜ್ಜಿ ತೊಳೆದಿದ್ದಳು. ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತೇ ಇರಲಿಲ್ಲ. ಹಿಂದೆ ತಗಡಿಲ್ಲದ ಸೂರಿನಿಂದ ಆಕಾಶ ಕಾಣುತ್ತಿತ್ತು. ನಾದುವ ಯಂತ್ರ ತುಕ್ಕು ಹಿಡಿದು ನಿಂತಿತ್ತು. ಭಟ್ಟಿ ನಡುವೆ ಬಿರುಕು ಬಿಟ್ಟಿತ್ತು. ಸರ್ವೇಯರ್ ಸುತ್ತ ನೋಡಿ ಮೂಗೊರೆಸಿಕೊಂಡ.

"ತಗಡು ಹಾರಿದ್ದು ಹಿಂದಿನ ದಿನ ಅಂತೀರಿ. ಹಾಗಾದ್ರೆ ಇದೆಲ್ಲ ಮೇಲಿಂದ ಸುರಿದ ನೀರಿಗೆ ಹಾಳಾಯ್ತೋ, ಹೊಳೆ ನೀರಿಗೋ? ನನಗೆ ನೋಡಿದ್ರೆ ಗೊತ್ತಾಗ್ತಿಲ್ಲ." ಆಮೇಲೆ ವಿಮೆ ಅಕ್ಕನ ಕಡೆ ತಿರುಗಿದ. "ನೀವು ಊರಿನವರು. ನೀವು ಹೇಳಿದ್ದನ್ನೇ ಬರ್ಕೋತೀನಿ."

ಬೇಕರಿಯವಳು ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ವಿಮೆ ಅಕ್ಕನನ್ನೇ ನೋಡಿದಳು. ಹೊರಗೆ ಬೀದಿಯಲ್ಲಿ ರೇಡಿಯೋ ರಿಪೇರಿಯವನು ಕೆಸರು ಎತ್ತುತ್ತಿದ್ದ. ಅವನ ಸಲಿಕೆ ಕಲ್ಲಿಗೆ ತಾಗುವ ಸದ್ದು ಒಳಗೆ ಕೇಳುತ್ತಿತ್ತು.

"ಹಿಂದಿನ ಕೋಣೆಯ ಹಿಟ್ಟು ಮಳೆ ನೀರಿಗೆ ಹೋಯ್ತು" ಎಂದಳು ವಿಮೆ ಅಕ್ಕ. "ಮಿಕ್ಕಿದ್ದು ಹೊಳೆ ನೀರಿಗೆ."

ಬೇಕರಿಯವಳು ಮುಂದೆ ಬಂದು ಸರ್ವೇಯರನಿಗೆ ಲೋಟ ಕೊಟ್ಟಳು. "ಕುಡೀರಿ, ಆರಿಹೋಗುತ್ತೆ."

ಸಂಜೆ ಮನೆಯಲ್ಲಿ ವಿಮೆ ಅಕ್ಕ ತಟ್ಟೆ ಮುಟ್ಟಲಿಲ್ಲ. ಗಂಡ ನಿಧಾನವಾಗಿ ಕೇಳಿದ. "ಮಳೆ ನೀರು ಅಂದಿದ್ರೆ ಏನಾಗ್ತಿತ್ತು?"

"ಆಮೇಲೆ ಆ ರೇಡಿಯೋದವನ ಮುಖ ಹೇಗೆ ನೋಡ್ಲಿ? ಅಜ್ಜಿ ಮುಖ ಹೇಗೆ ನೋಡ್ಲಿ?"

"ಈಗ ಇವಳ ಮುಖ ಹೇಗೆ ನೋಡ್ತೀಯ?" ಅವನು ಚುಚ್ಚಬೇಕೆಂದು ಕೇಳಿದ್ದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ್ದ. ಅವಳು ಎದ್ದು ತಟ್ಟೆ ಎತ್ತಿಟ್ಟಳು.

ಮರುದಿನದಿಂದ ಅವಳೇ ಸಲಿಕೆ ಹಿಡಿದು ಬೇಕರಿಗೆ ಹೋಗತೊಡಗಿದಳು. ಭಟ್ಟಿಯೊಳಗಿನ ಕೆಸರನ್ನು ಅಂಗಾತ ಮಲಗಿ ಕೆರೆದಳು. ಬೇಕರಿಯವಳು ಬೇಡ ಎನ್ನಲಿಲ್ಲ. ಬಾಗಿಲು ತೆರೆದು ಬಿಡುತ್ತಿದ್ದಳು, ನೀರು ಕೊಡುತ್ತಿದ್ದಳು. ಜಗಳವಾಡಿದ್ದರೆ ಒಳ್ಳೆಯದಿತ್ತು. ಒಮ್ಮೆ ತಡೆಯಲಾರದೆ ವಿಮೆ ಅಕ್ಕನೇ ಬಾಯಿಬಿಟ್ಟಳು. "ಬೈದುಬಿಡೇ."

"ಯಾಕೆ ಬೈಲಿ? ನಿಜಾನೇ ಹೇಳಿದೆಯಲ್ಲ" ಎಂದು ಅವಳು ಒರೆಸುವ ಬಟ್ಟೆ ಹಿಂಡುತ್ತ ಹೊರಗೆ ಹೋದಳು.

ಒಡೆದ ಭಟ್ಟಿಯನ್ನು ಹೊಸದಾಗಿ ಕಟ್ಟಿಸುವುದು ಬೇಕರಿಯವಳ ಕೈಲಿ ಆಗಲಿಲ್ಲ. ಚಳಿಗಾಲಕ್ಕೆ ಮುಂಚೆ ಬೆಟ್ಟದಾಚೆಯ ಪಟ್ಟಣದಲ್ಲಿದ್ದ ತಂಗಿಯ ಮನೆಗೆ ಹೊರಟುಹೋದಳು. ಹೋಗುವ ದಿನವನ್ನು ವಿಮೆ ಅಕ್ಕನಿಗೆ ಹೇಳಿರಲಿಲ್ಲ. ಅವಳನ್ನು ಹತ್ತಿಸಿಕೊಂಡು ಹೋದ ಬಸ್ಸು ಗಂಡನದೇ. ಅವನು ಬಂದು ಹೇಳಿದ ಮೇಲೇ ಗೊತ್ತಾಗಿದ್ದು.

ಮುಂದಿನ ವರ್ಷ ಅವಳು ಯಾರ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಜನರೇ ಹುಡುಕಿಕೊಂಡು ಬಂದರು. ಹಿತ್ತಿಲಿಗೆ ಓಡುತ್ತಿದ್ದವರೆಲ್ಲ ಕುರ್ಚಿ ಒರೆಸಿ ಕೂರಿಸಿದರು. ಹೊಳೆಯಿಂದ ಎಷ್ಟೋ ಎತ್ತರದಲ್ಲಿದ್ದವರೂ ನೆರೆ ವಿಮೆ ಮಾಡಿಸಿದರು. ಅಷ್ಟು ಕೆಲಸ ಅವಳು ಹಿಂದೆಂದೂ ಮಾಡಿರಲಿಲ್ಲ. ಕಂಪನಿಯವರು ಸಭೆಗೆ ಕರೆದು ಶಾಲು ಹೊದಿಸಿದರು. ನೀವೇ ಕಣಿವೆಯ ಕಣ್ಣು ತೆರೆಸಿದವರು ಎಂದು ಒಬ್ಬರು ಭಾಷಣ ಮಾಡಿದರು. ತೆರೆಸಿದ್ದು ತಾನಲ್ಲ ಎಂದು ಅವಳಿಗೆ ಗೊತ್ತಿತ್ತು. ಶಾಲನ್ನು ಮನೆಗೆ ತಂದು ಪೆಟ್ಟಿಗೆಯ ಅಡಿಗೆ ಹಾಕಿದಳು.

ಒಂದು ಬೇಸಿಗೆಯಲ್ಲಿ ಧೈರ್ಯ ಮಾಡಿ ಗಂಡನ ಬಸ್ಸಿನಲ್ಲೇ ಬೆಟ್ಟ ದಾಟಿ ಹೋದಳು. ಬೇಕರಿಯವಳು ಆ ಪಟ್ಟಣದ ದೊಡ್ಡ ಬೇಕರಿಯೊಂದರಲ್ಲಿ ರಸ್ಕಿನ ಪೊಟ್ಟಣ ಕಟ್ಟುವ ಕೆಲಸಕ್ಕಿದ್ದಳು. ಕೈಗೆ ಹಿಟ್ಟಿನ ಬದಲು ಪ್ಲಾಸ್ಟಿಕ್ ಗವಸು. ಅವಳನ್ನು ಕಂಡು ಎದ್ದು ನಿಂತಳು, ಮುಖದಲ್ಲಿ ನಗುವೂ ಇತ್ತು.

"ಬನ್ನಿ. ಕೂತ್ಕೊಳ್ಳಿ. ಚೆನ್ನಾಗಿದೀರಾ?"

ವಿಮೆ ಅಕ್ಕ ಕೂತಳು. ಮಾಲೀಕರು ಪಕ್ಕದಲ್ಲೇ ಇದ್ದಾರೆ, ಅದಕ್ಕೇ ಹೀಗೆ ಮಾತಾಡುತ್ತಿದ್ದಾಳೆ ಎಂದುಕೊಂಡಳು. ಮಾಲೀಕರು ಊಟಕ್ಕೆ ಹೋದರು. "ದಾರಿಯಲ್ಲಿ ಬಿಸಿಲು ಜಾಸ್ತಿ ಇತ್ತಾ ನಿಮಗೆ?" ಎಂದು ಬೇಕರಿಯವಳು ಕೇಳಿದಳು. ಊರಿನ ಸಮಾಚಾರವನ್ನೆಲ್ಲ ವಿಚಾರಿಸಿದಳು, ರಸ್ಕಿನ ಪೊಟ್ಟಣವೊಂದನ್ನು ಕೈಗಿತ್ತಳು, ಬಸ್ಸಿನವರೆಗೂ ಬಂದಳು. ಒಂದು ಮಾತಿನಲ್ಲೂ ಕೊಂಕಿರಲಿಲ್ಲ. ಒಂದು ಮಾತೂ 'ಕಣೇ' ಎಂದು ಮುಗಿಯಲಿಲ್ಲ. ಬಸ್ಸು ಹೊರಟ ಮೇಲೆ ಗಂಡ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ, ತಿರುವುಗಳಲ್ಲಿ ಎಂದಿಗಿಂತ ನಿಧಾನವಾಗಿ ಓಡಿಸಿದ.

ಮತ್ತೆ ಅವಳು ಹೋಗಲಿಲ್ಲ. ಮಳೆ ಸಣ್ಣಗೆ ಬಂದು ಹೋದ ವರ್ಷಗಳು ಕಳೆದವು. ಜನರಿಗೆ ಹೊಳೆ ಮರೆಯುತ್ತ ಬಂತು, ಒಬ್ಬೊಬ್ಬರೇ ನೆರೆ ವಿಮೆ ಬಿಟ್ಟರು, ಮತ್ತೆ ಹಿತ್ತಿಲ ಕೆಲಸ ಶುರುವಾಯಿತು. ಮಂಡಿ ನೋಯುತ್ತಿದ್ದರೂ ಅವಳು ಮೆಟ್ಟಿಲು ಹತ್ತಿ ಹತ್ತಿ ಹೇಳಿದಳು. ರೇಡಿಯೋ ರಿಪೇರಿಯವನೊಬ್ಬ ಮಾತ್ರ ತನ್ನ ನೆರೆ ವಿಮೆಯನ್ನು ತಪ್ಪದೆ ಮುಂದುವರಿಸಿದ. ಅವಳನ್ನು ಆಡಿಕೊಳ್ಳುವುದನ್ನೂ ಬಿಟ್ಟಿದ್ದ.

ಬೇಕರಿಯವಳು ತೀರಿಕೊಂಡ ಸುದ್ದಿ ಮಣ್ಣು ಮಾಡಿಯಾದ ಮೇಲೆ ಬಂತು. ಫೋನಿನಲ್ಲಿ ಅವಳ ತಂಗಿ, "ನಿಮಗೆ ಹೇಳ್ಬೇಕು ಅಂತ ಯಾರಿಗೂ ಹೊಳೀಲಿಲ್ಲ, ತಪ್ಪು ತಿಳೀಬೇಡಿ" ಎಂದಳು. ಇಲ್ಲ ಎಂದಳು ವಿಮೆ ಅಕ್ಕ. ಕಾಯಿಲೆ ಏನಿತ್ತು ಎಂದು ಕೇಳಿದಳು. ನೋವು ತಿಂದಳಾ ಎಂದು ಕೇಳಿದಳು. ನನ್ನ ಮಾತು ಎತ್ತಿದ್ದಳಾ ಎಂದು ಕೇಳಲು ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಚೀಲ ತಗಲಿಸಿಕೊಂಡು ಮೇಲಿನ ಬೀದಿಗೆ ಹೋದಳು. ಹೊಸದಾಗಿ ಬಂದಿದ್ದ ಟೀಚರಮ್ಮ ಬಾಗಿಲು ತೆಗೆದು, ಒಳಗೆ ಕರೆದು ಕೂರಿಸಿ, "ಏನು ಬಂದಿದ್ದು ಅಕ್ಕ?" ಎಂದು ಕೇಳಿದಳು. ಅಷ್ಟು ವರ್ಷಗಳಿಂದ ಬಾಯಿಪಾಠವಾಗಿದ್ದ ಮಾತನ್ನು ವಿಮೆ ಅಕ್ಕನಿಗೆ ಆ ದಿನ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಸ್ವಲ್ಪ ನೀರು ಕೊಡಮ್ಮ ಎಂದಳು. ಕುಡಿದು, ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.